ಬೀದಿ ಮರದ ಬಾದಾಮಿ ಅಳಿಲಿಗೆ ಹಾಕಬಹುದಾ? ಇನ್ನೊಂದು ಕಾಯಿ ಯಾವುದು ಅಂತಾನೂ ಹೇಳಿ

ಮೂರನೇ ಮಹಡಿ · ಭಾನುವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಬೆಂಗಳೂರು, ಜಯನಗರ. ಬಾಲ್ಕನಿಗೆ ತಾಗಿದ ಹಾಗೆ ಒಂದು ಹೊಂಗೆ ಮರ ಇದೆ. ಅದರಿಂದ ದಿನಾ ಎರಡು ಅಳಿಲು ಗ್ರಿಲ್ ದಾಟಿ ಒಳಗೆ ಬರುತ್ತವೆ. ಮೊದಲು ತುಳಸಿ ಕುಂಡದ ಮಣ್ಣು ಕೆದಕಿ ಓಡಿಹೋಗುತ್ತಿದ್ದವು. ಈಗ ಅಡುಗೆಮನೆ ಕಿಟಕಿವರೆಗೂ ಧೈರ್ಯ ಬಂದಿದೆ. ಇಷ್ಟು ದಿನ ಅಂಗಡಿ ಕಡಲೆಬೀಜ ಹಾಕುತ್ತಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಪಾರಿವಾಳದ ಹೊಟ್ಟೆಗೆ.

ವಾಕಿಂಗ್ ಹೋಗುವ ದಾರಿಯಲ್ಲೇ ಎಷ್ಟೊಂದು ಕಾಯಿ ಬಿದ್ದಿರುತ್ತವೆ ಅಲ್ವಾ? ಅದನ್ನೇ ಹೆಕ್ಕಿ ತಂದು ಹಾಕೋಣ ಅನಿಸಿತು. ನಿನ್ನೆ ಒಂದು ಬಟ್ಟೆ ಚೀಲದ ತುಂಬ ತಂದಿದ್ದೇನೆ. ಎರಡು ಥರ ಇವೆ.

ಒಂದು ಗೊತ್ತಿರುವುದೇ, ರಸ್ತೆ ಪಕ್ಕದ ಬಾದಾಮಿ. ಚಿಕ್ಕವರಿದ್ದಾಗ ನಾವೂ ಕಲ್ಲಿನಲ್ಲಿ ಕುಟ್ಟಿ ತಿಂದಿದ್ದೇವೆ. ಇನ್ನೊಂದು ಪಾರ್ಕಿನ ಬೇಲಿ ಪಕ್ಕ ಬಿದ್ದಿತ್ತು. ಹಸಿರಿದ್ದಾಗ ಪುಟ್ಟ ಸಮೋಸದ ಹಾಗೆ ಮೂರು ಮೂಲೆ, ಮಧ್ಯೆ ಒಂದು ಏಣು. ಒಣಗಿದ್ದು ಕಪ್ಪಾಗಿ ಸುಕ್ಕುಗಟ್ಟಿದೆ. ಸಿಪ್ಪೆ ಕಿತ್ತರೆ ಒಳಗೆ ಗಟ್ಟಿ ಓಟೆ. ನೋಡೋಕೆ ಒಳ್ಳೆ ಡ್ರೈಫ್ರೂಟ್ ಥರಾನೇ ಇದೆ. ಕೋಗಿಲೆ ಅದೇ ಹಣ್ಣು ತಿನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ತೊಂದರೆ ಇರಲಿಕ್ಕಿಲ್ಲ ಅಂದುಕೊಂಡೆ. ಆದರೂ ಒಂದು ಮಾತು ಕೇಳೋಣ ಅಂತ.

ಕಟ್ಟೆ ಪುರಾಣ · 9:18

ಬಾದಾಮಿ ಅಂದ್ರೆ ಯಾವುದು ಸ್ವಾಮಿ? ಮಾವೋ, ಊರೋ, ಬೀಜವೋ?

ಎಲೆ ತೋರಿಸಿ · 9:26

ಮೇಡಂ, ಎರಡನೇ ಕಾಯಿ ಸದ್ಯಕ್ಕೆ ಯಾರ ಬಾಯಿಗೂ ಹಾಕಬೇಡಿ. ಮೊದಲು ಇಷ್ಟು ಹೇಳಿ. ಆ ಗಿಡದ ಎಲೆ ಕಿರಿದಾಗಿ, ಉದ್ದಕ್ಕೆ, ಹೊಳೆಯುತ್ತಾ ಇದೆಯಾ? ಮುರಿದರೆ ಬಿಳಿ ಹಾಲು ಬರುತ್ತಾ? ಹೂವು ಹಳದಿ, ಗಂಟೆ ಥರ?

ಮೂರನೇ ಮಹಡಿ · 9:41

ಮಗಳನ್ನು ಕೆಳಗೆ ಕಳಿಸಿ ನೋಡಿಸಿದೆ. ಹೌದು, ಹಾಲು ಬರುತ್ತೆ. ಹೂವು ಹಳದಿ. ನಮ್ಮ ಅತ್ತೆ ದೇವರಿಗೆ ಇಡುವ ಹೂವೇ ಅದು ಅಂತಿದ್ದಾಳೆ.

ಎಲೆ ತೋರಿಸಿ · 9:44

ಹಳದಿ ಕಣಗಿಲೆ. ಪೂರ್ತಿ ವಿಷ. ಎಲೆ, ಹಾಲು, ಹೂವು ಎಲ್ಲದರಲ್ಲೂ ಇದೆ, ಬೀಜದಲ್ಲಿ ಎಲ್ಲಕ್ಕಿಂತ ಜಾಸ್ತಿ. ಹೃದಯದ ಬಡಿತವನ್ನೇ ಹದ ತಪ್ಪಿಸುವ ವಿಷ ಅದು. ಮನುಷ್ಯರ ಜೀವ ತೆಗೆಯೋಕೂ ಕೆಲವೇ ಬೀಜ ಸಾಕು, ಅಳಿಲಿನ ಮಾತು ಬಿಡಿ. ಇಂಗ್ಲಿಷ್‌ನಲ್ಲಿ ಇದಕ್ಕೆ 'ಲಕ್ಕಿ ನಟ್' ಅಂತ ಬೇರೆ ಹೆಸರು. ಹೆಸರಿನಲ್ಲಿ ನಟ್ ಇದೆ ಅಂತ ಮೋಸ ಹೋಗೋದೇ ಹೀಗೆ.

ದನ ಮೇಯಲ್ಲ, ನೀರು ಕೇಳಲ್ಲ, ವರ್ಷವಿಡೀ ಹೂ ಬಿಡುತ್ತೆ. ಅದಕ್ಕೇ ಪಾರ್ಕು, ದೇವಸ್ಥಾನ, ರಸ್ತೆ ಮಧ್ಯದ ಡಿವೈಡರ್ ಎಲ್ಲ ಕಡೆ ನೆಟ್ಟಿರುತ್ತಾರೆ. ಚೀಲದಲ್ಲಿರುವ ಅಷ್ಟನ್ನೂ ಬೇರೆ ಮಾಡಿ, ಕಾಗದದಲ್ಲಿ ಸುತ್ತಿ ಬಿಸಾಕಿ. ನೀವೂ ಮಗಳೂ ಸೋಪು ಹಾಕಿ ಕೈ ತೊಳೆದುಕೊಳ್ಳಿ. ಕಣ್ಣು ಉಜ್ಜಿಕೊಳ್ಳಬೇಡಿ.

ಮೂರನೇ ಮಹಡಿ · 9:52

ಅಯ್ಯೋ ರಾಮ. ನಿನ್ನೆ ಸಂಜೆ ಮೂರು ಕಾಯಿ ಬಾಲ್ಕನಿ ಕಟ್ಟೆ ಮೇಲೆ ಇಟ್ಟಿದ್ದೆ. ಈಗ ಹೋಗಿ ಎಣಿಸಿದೆ, ಮೂರೂ ಇವೆ. ಒಂದರ ಮೇಲೆ ಸಣ್ಣ ಹಲ್ಲಿನ ಗುರುತು ಇದೆ, ಅಷ್ಟೇ, ಸಿಪ್ಪೆ ಒಡೆದಿಲ್ಲ. ಬೆಳಿಗ್ಗೆ ಎರಡೂ ಅಳಿಲು ಬಂದಿದ್ದವು, ಓಡಾಡಿಕೊಂಡೇ ಇದ್ದವು. ಕೋಗಿಲೆ ತಿಂದಿದ್ದು ನಿಜ ಕಣ್ರೀ, ಸುಳ್ಳು ಹೇಳ್ತಿಲ್ಲ.

ದುರ್ಬೀನು · 10:15

ನೀವು ನೋಡಿದ್ದು ಸರಿ. ಕೋಗಿಲೆ ಹಳದಿ ಕಣಗಿಲೆ ಹಣ್ಣು ತಿನ್ನುತ್ತದೆ, ಅದಕ್ಕೆ ಏನೂ ಆಗಲ್ಲ. ನಾನೂ ಬೇಕಾದಷ್ಟು ಸಲ ನೋಡಿದ್ದೇನೆ. ಆದರೆ ಹಕ್ಕಿಯ ಹೊಟ್ಟೆಯೇ ಬೇರೆ, ಹಾಲೂಡುವ ಪ್ರಾಣಿಯ ಹೊಟ್ಟೆಯೇ ಬೇರೆ. ಹಕ್ಕಿ ಓಟೆ ಒಡೆಯಲ್ಲ, ಅಳಿಲು ಒಡೆಯುತ್ತೆ. 'ಯಾವುದೋ ಪ್ರಾಣಿ ತಿಂತು, ಹಾಗಾದ್ರೆ ಸೇಫ್' ಅನ್ನೋ ಲೆಕ್ಕದಿಂದ ಕಾಡಿನಲ್ಲಿ ಮನುಷ್ಯರೂ ಸತ್ತಿದ್ದಾರೆ.

ಕಲ್ಲು ಬೆಂಚು · 10:40

ನಮ್ಮ ತುಮಕೂರಿನ ಕಡೆ ಚಿಕ್ಕವರು ಆ ಓಟೆಯನ್ನು ಕಲ್ಲಿಗೆ ಉಜ್ಜಿ ತೂತು ಮಾಡಿ, ದಾರ ಪೋಣಿಸಿ ಗಿರಗಿರ ತಿರುಗಿಸುತ್ತಿದ್ದೆವು. ಅಜ್ಜಿ ಕಂಡರೆ ಬೆನ್ನಿಗೆ ಎರಡು ಬೀಳುತ್ತಿತ್ತು. ಯಾಕೆ ಅಂತ ಹೇಳುತ್ತಿರಲಿಲ್ಲ, ಬರೀ ಹೊಡೆಯುತ್ತಿದ್ದಳು. ಐವತ್ತು ವರ್ಷ ಆದ ಮೇಲೆ ಇವತ್ತು ಕಾರಣ ಗೊತ್ತಾಯಿತು.

ಗೌರಿಯಮ್ಮನ ತಾರಸಿ · 11:30

ಕಣಗಿಲೆ ವಿಚಾರ ಮುಗಿಯಿತು. ಬಾದಾಮಿ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಮನೆ ಮುಂದೆಯೇ ಮೂವತ್ತು ವರ್ಷದ ಮರ ಇದೆ.

ಧಾರಾಳವಾಗಿ ಹಾಕಬಹುದು. ನಾವೇ ತಿನ್ನುವ ಬೀಜ ಅದು. ಆದರೆ ಮರ ಅದೇನಾ ಅಂತ ನೋಡಿಕೊಳ್ಳಿ. ಕೊಂಬೆಗಳು ಕೊಡೆ ಮೇಲೆ ಕೊಡೆ ಇಟ್ಟ ಹಾಗೆ ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚಿರುತ್ತವೆ. ಎಲೆ ಅಂಗೈಗಿಂತ ದೊಡ್ಡದು, ಉದುರುವ ಮುಂಚೆ ಕೆಂಪಗಾಗುತ್ತದೆ. ಕಾಯಿ ಚಪ್ಪಟೆ, ಸುತ್ತ ದೋಣಿ ಅಂಚಿನ ಹಾಗೆ ಏಣು. ಒಣಗಿದರೆ ಹಗುರ, ನೀರಿಗೆ ಹಾಕಿದರೆ ತೇಲುತ್ತದೆ.

ನಾನು ಹೆಕ್ಕುವುದು ಒಣಗಿದ ಕಂದು ಕಾಯಿ ಮಾತ್ರ. ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ. ಸಣ್ಣ ತೂತು ಇದ್ದರೆ ಹುಳ ಇರುತ್ತದೆ, ಬಿಟ್ಟುಬಿಡಿ. ಬೂಷ್ಟು ಹಿಡಿದಿದ್ದರೆ ಮುಟ್ಟಲೇಬೇಡಿ. ಚರಂಡಿ ಪಕ್ಕದ್ದು, ಕಾರಿನ ಎಣ್ಣೆ ಸೋರಿದ ಜಾಗದ್ದು ಬೇಡ. ತಂದು ತೊಳೆದು, ಮೊರದಲ್ಲಿ ಹರಡಿ ಎರಡು ದಿನ ಬಿಸಿಲಿಗೆ ಇಡುತ್ತೇನೆ.

ಕುಟ್ಟುವುದಕ್ಕೂ ಒಂದು ಹದ ಇದೆ. ಕಾಯಿಯನ್ನು ಮಲಗಿಸಿ ಹೊಡೆದರೆ ನಾರು ಚಪ್ಪಟೆಯಾಗುತ್ತದೆ ಹೊರತು ಒಡೆಯಲ್ಲ. ಅಂಚಿನ ಮೇಲೆ ನಿಲ್ಲಿಸಿ, ಎರಡು ಬೆರಳಲ್ಲಿ ಹಿಡಿದು, ಮೇಲಿಂದ ಒಂದೇ ಏಟು. ಉದ್ದಕ್ಕೆ ಬಾಯಿ ಬಿಡುತ್ತದೆ. ಒಳಗೆ ಕಂದು ಸಿಪ್ಪೆಯ ಸಪೂರ ತಿರುಳು. ಸಿಪ್ಪೆ ತೆಗೆದರೆ ಬಿಳಿ, ಚಾಪೆ ಸುತ್ತಿದ ಹಾಗೆ ಸುರುಳಿ. ಅಷ್ಟು ದೊಡ್ಡ ಕಾಯಿಗೆ ಅಷ್ಟು ಸಣ್ಣ ತಿರುಳು ನೋಡಿ ನಗು ಬರುತ್ತದೆ. ಬೆರಳು ಹುಷಾರು, ನನ್ನ ಹೆಬ್ಬೆರಳಿನ ಉಗುರು ಇನ್ನೂ ಕಪ್ಪಗೇ ಇದೆ.

ದುರ್ಬೀನು · 11:48

ಗೌರಿಯಮ್ಮನವರೇ, ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಒಂದೇ ತಕರಾರು. ಕುಟ್ಟಿ ಕೊಡಬೇಡಿ. ಅಳಿಲಿನ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಚಿಪ್ಪು ಕಡಿದರೇ ಅದು ಸವೆಯುವುದು. ಇಡೀ ಕಾಯಿ ಕೊಟ್ಟರೆ ಹಲ್ಲಿಗೂ ಕೆಲಸ, ಪಾರಿವಾಳಕ್ಕೂ ಸಿಗಲ್ಲ.

ಗೌರಿಯಮ್ಮನ ತಾರಸಿ · 11:55

ಅದೂ ಸರಿಯೇ. ಕುಟ್ಟಿದ್ದರಲ್ಲಿ ಅರ್ಧ ನಾನೇ ತಿನ್ನುತ್ತೇನೆ ಅಂತ ಹೇಳಲಿಲ್ಲ ಅಷ್ಟೇ.

ಎಲೆ ತೋರಿಸಿ · 12:20

ಒಂದು ಎಚ್ಚರಿಕೆ. 'ಕಾಡು ಬಾದಾಮಿ' ಅಂತ ಜನ ಕರೆಯುವುದು ಒಂದೇ ಮರವನ್ನಲ್ಲ. ಸ್ಟರ್ಕ್ಯುಲಿಯಾ ಫೀಟಿಡಾ ಅಂತ ಇನ್ನೊಂದಿದೆ. ಬೆಂಗಳೂರಿನ ಹಳೇ ತೋಟಗಳಲ್ಲಿ ದೊಡ್ಡ ದೊಡ್ಡ ಮರಗಳಿವೆ. ಹೂ ಬಿಟ್ಟಾಗ ಬುಡದಲ್ಲಿ ನಿಲ್ಲೋಕಾಗಲ್ಲ, ಅಷ್ಟು ನಾತ. ಕಾಯಿ ಕೆಂಪು, ಮರದ ಚಿಪ್ಪಿನ ಹಾಗೆ ಗಟ್ಟಿ, ಬಾಯಿ ಬಿಟ್ಟಾಗ ಒಳಗೆ ಕಪ್ಪು ಬೀಜಗಳ ಸಾಲು. ಅದನ್ನು ಹುರಿದು ತಿನ್ನುವವರಿದ್ದಾರೆ. ಹಸಿಯಾಗಿ ತಿಂದರೆ ಭೇದಿ. ಅಳಿಲಿಗೆ ನಾನಂತೂ ಹಾಕಲ್ಲ.

ಪಡುಬಿದ್ರಿ ಮಾಮ · ಮಧ್ಯಾಹ್ನ 1:05

ನಮ್ಮಲ್ಲಿ ಅಳಿಲಿಗೆ ಗೇರುಬೀಜ ಹಾಕುತ್ತಾರೆ ಮಾರಾಯ್ರೆ. ಒಳ್ಳೆಯದಲ್ವಾ?

ಕಲ್ಲು ಬೆಂಚು · 1:12

ಏನ್ರೀ ನೀವು! ಗೇರುಕಾಯಿ ಮುಟ್ಟಿದರೆ ಕೈ ಬೊಬ್ಬೆ ಬರುತ್ತೆ. ಅಗಸರು ಬಟ್ಟೆಗೆ ಗುರುತು ಹಾಕೋ ಕಾಯಿ ಅದು. ಪಾಪದ ಪ್ರಾಣಿಗೆ ಅದನ್ನು ಹಾಕ್ತೀರಾ?

ಪಡುಬಿದ್ರಿ ಮಾಮ · 1:20

ಯಾವ ಅಗಸರು? ನಾನು ಹೇಳಿದ್ದು ಪಾಯಸಕ್ಕೆ ಹಾಕುವ ಗೇರುಬೀಜ.

ಎಲೆ ತೋರಿಸಿ · 1:24

ಇಬ್ಬರೂ ಸ್ವಲ್ಪ ತಾಳಿ. ಕರಾವಳಿಯ ಗೇರುಬೀಜ ಅಂದರೆ ಘಟ್ಟದ ಮೇಲಿನ ಗೋಡಂಬಿ. ತುಮಕೂರಿನವರು ಹೇಳುತ್ತಿರುವುದು ಕರಿಗೇರು. ಎರಡೂ ಒಂದೇ ಕುಲದವು, ಮಾವಿನ ನೆಂಟರು. ಹಸಿ ಗೋಡಂಬಿಯ ಸಿಪ್ಪೆಯಲ್ಲೂ ಚರ್ಮ ಸುಡುವ ಎಣ್ಣೆ ಇದೆ, ಗೇರು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರ ಕೈ ನೋಡಿದರೆ ಗೊತ್ತಾಗುತ್ತದೆ. ಮಾಮ ಹೇಳುವುದು ಸುಲಿದ ಬೀಜ ಆದರೆ ಒಂದೋ ಎರಡೋ ಚೂರು ಪರವಾಗಿಲ್ಲ. ಮರದಿಂದ ಕಿತ್ತ ಇಡೀ ಬೀಜ ಬೇಡ.

ಇದಕ್ಕೇ ನಾನು ಹೆಸರು ಕೇಳಲ್ಲ, ಎಲೆ ಕೇಳುತ್ತೇನೆ.

ಪಡುಬಿದ್ರಿ ಮಾಮ · 1:40

ಸರಿ ಸರಿ. ನನ್ನದೊಂದು ಮಾತು ಕೇಳಿ. ಬಾದಾಮಿ ಹಣ್ಣನ್ನು ಬಾವಲಿ ರಾತ್ರಿ ಕಚ್ಚಿ, ಮೇಲಿನ ತಿರುಳು ತಿಂದು ಬೀಳಿಸುತ್ತದೆ. ಅರ್ಧ ತಿಂದ ಹಸಿ ಹಣ್ಣನ್ನು ಬರಿಗೈಯಲ್ಲಿ ಹೆಕ್ಕಬೇಡಿ. ಮಕ್ಕಳಿಗಂತೂ ಕೊಡಲೇಬೇಡಿ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಫಾ ಬಂದ ಮೇಲೆ ನಮ್ಮ ಕಡೆ ಬಿದ್ದ ಪೇರಳೆಯನ್ನೂ ಜನ ಮುಟ್ಟುತ್ತಿರಲಿಲ್ಲ. ಹೆದರಿಸಲಿಕ್ಕೆ ಹೇಳಿದ್ದಲ್ಲ. ಒಣಗಿ ಹಳೆಯದಾದ ಕಾಯಿ ತೆಗೊಳ್ಳಿ, ಕೈ ತೊಳೆಯಿರಿ, ಮುಗಿಯಿತು.

ಎಡಿಸನ್ ಕನ್ನಡತಿ · 6:30

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿಯ ಬೂದು ಅಳಿಲು ನಮ್ಮದಕ್ಕಿಂತ ಮೂರ್ನಾಲ್ಕು ಪಟ್ಟು ದೊಡ್ಡದು, ಬಾಲವೇ ಒಂದು ಪೊರಕೆ. ಓಕ್ ಮರದ ಕಾಯಿ ಹೆಕ್ಕಿ ತಂದು ಹಾಕಿದೆ. ಮಜಾ ಏನು ಗೊತ್ತಾ? ಬಿಳಿ ಓಕ್ ಕಾಯಿ ಬಿದ್ದ ಕೂಡಲೇ ಮೊಳಕೆ ಒಡೆಯುತ್ತೆ. ಹೂತಿಟ್ಟರೆ ಗಿಡ ಆಗಿಬಿಡುತ್ತಲ್ಲ, ಅದಕ್ಕೆ ಅಳಿಲು ಮೊದಲು ಮೊಳಕೆ ಬರುವ ತುದಿಯನ್ನು ಕಚ್ಚಿ ತೆಗೆದು ಆಮೇಲೆ ಹೂಳುತ್ತೆ. ಕೆಂಪು ಓಕ್ ಕಾಯಿ ಮೊಳೆಯೋದು ವಸಂತಕ್ಕೆ, ಅದನ್ನು ಹಾಗೇ ಹೂಳುತ್ತೆ. ನಮ್ಮನೆ ಹುಡುಗರಿಗೆ ಇಷ್ಟು ಮುಂದಾಲೋಚನೆ ಇಲ್ಲ.

ಇಲ್ಲೂ ನಿಮ್ಮ ಕಣಗಿಲೆ ಥರದ ಮೋಸ ಇದೆ. ತಿನ್ನುವ ಚೆಸ್ಟ್‌ನಟ್‌ನ ಹಾಗೇ ಹೊಳೆಯುವ ಹಾರ್ಸ್ ಚೆಸ್ಟ್‌ನಟ್ ವಿಷ. ಒಳ್ಳೆಯದರ ಹೊರಸಿಪ್ಪೆ ಮುಳ್ಳುಹಂದಿ ಥರ ಒತ್ತೊತ್ತಾಗಿ ಚುಚ್ಚುತ್ತೆ, ಕೆಟ್ಟದ್ದಕ್ಕೆ ಅಲ್ಲೊಂದು ಇಲ್ಲೊಂದು ದಪ್ಪ ಮುಳ್ಳು. ನೋಡಿ ವಿಚಿತ್ರ, ಜಾಸ್ತಿ ಚುಚ್ಚೋದೇ ಒಳ್ಳೆಯದು.

ಕಟ್ಟೆ ಪುರಾಣ · 6:42

ನಮ್ಮ ಅಳಿಲಿಗೆ ಬೆನ್ನ ಮೇಲೆ ರಾಮನ ಮೂರು ಬೆರಳು. ನಿಮ್ಮದಕ್ಕೆ ಗೆರೆಯೇ ಇಲ್ಲ, ಸೇತುವೆ ಕೆಲಸಕ್ಕೆ ಬಂದಿಲ್ಲ ಅಂತಾಯ್ತು.

ಕರೋಲ್‌ಬಾಗ್ ಕನ್ನಡಿಗ · 6:50

ದೆಹಲಿ ಅಳಿಲಿಗೆ ಐದು ಗೆರೆ. ಇಲ್ಲಿ ರಾಮ ಐದೂ ಬೆರಳು ಆಡಿಸಿದ್ದಾನೆ.

ಬಸರಿ ಮರ · ರಾತ್ರಿ 8:15

ಎಲ್ಲರ ಉತ್ಸಾಹಕ್ಕೆ ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ. ಅಳಿಲಿಗೆ ನೀವು ಯಾಕೆ ಊಟ ಹಾಕಬೇಕು? ನ್ಯೂಜೆರ್ಸಿಯ ಹಾಗೆ ಇಲ್ಲಿ ಹಿಮ ಬೀಳುತ್ತಾ? ನಮ್ಮ ಊರಿನಲ್ಲಿ ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಮರ ಹಣ್ಣು ಬಿಟ್ಟಿರುತ್ತದೆ. ಆಲ, ಅತ್ತಿ, ಬಸರಿ, ಗೋಣಿ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು. ಇವುಗಳ ಹಣ್ಣಿನಲ್ಲಿ ಸುಣ್ಣದ ಅಂಶ ಚೆನ್ನಾಗಿದೆ. ಬರೀ ಕಾಳು ಬೀಜ ತಿಂದ ಅಳಿಲಿಗೆ ಅದೇ ಕೊರತೆಯಾಗುವುದು. ಗಸಗಸೆ ಹಣ್ಣಿನ ಮರ ಗೊತ್ತಲ್ಲ, ಸಿಂಗಪುರ ಚೆರಿ ಅಂತಾರೆ, ಅದು ಇದ್ದ ಬೀದಿಯಲ್ಲಿ ಅಳಿಲಿಗೆ ದಿನಾ ಹಬ್ಬ. ಸೀಮೆ ಹುಣಸೆಯ ಬಿಳಿ ತಿರುಳಿಗಂತೂ ಗಿಳಿಗೂ ಅಳಿಲಿಗೂ ಜಗಳವೇ ನಡೆಯುತ್ತದೆ.

ಮತ್ತೆ ಅಳಿಲು ಬರೀ ಕಾಯಿ ತಿನ್ನುವ ಸಾಧು ಅಂದುಕೊಂಡಿದ್ದೀರಿ. ಹುಳ ತಿನ್ನುತ್ತದೆ, ಹಕ್ಕಿ ಮೊಟ್ಟೆ ಸಿಕ್ಕರೆ ಬಿಡಲ್ಲ. ನೀವು ಹಾಕುವ ಒಂದು ಹಿಡಿ ಬೀಜಕ್ಕೆ ಹೊಂದಿಕೊಂಡು ಅಡುಗೆಮನೆಗೆ ನುಗ್ಗಿದರೆ ಆಗ ಬೈಯುವವರೂ ನೀವೇ.

ಮೂರನೇ ಮಹಡಿ · 8:31

ನಿಜ ಹೇಳಬೇಕಂದ್ರೆ ಅವುಗಳಿಗೆ ಅಗತ್ಯ ಅಂತ ಹಾಕುತ್ತಿಲ್ಲ. ನನಗೆ ಬೇಕು. ಲಾಕ್‌ಡೌನ್‌ನಲ್ಲಿ ಶುರುವಾದ ಅಭ್ಯಾಸ ಇದು. ಆಗ ದಿನಕ್ಕೆ ಎರಡು ಸಲ ನಮ್ಮ ಮನೆಗೆ ಬರುತ್ತಿದ್ದವರು ಅವರಿಬ್ಬರೇ.

ಬಸರಿ ಮರ · 8:40

ಹಾಗಿದ್ದರೆ ಹಾಕಿ. ಊಟ ಅಂತ ಬೇಡ, ತಿಂಡಿ ಅಂತ ಹಾಕಿ. ದಿನಕ್ಕೆ ಎರಡು ಬಾದಾಮಿ ಕಾಯಿ, ಅಷ್ಟೇ. ಬೇಸಿಗೆಯಲ್ಲಿ ನೀರು ಮರೆಯಬೇಡಿ, ಏಪ್ರಿಲ್‌ನಲ್ಲಿ ಬೀಜಕ್ಕಿಂತ ನೀರೇ ಮುಖ್ಯ. ಆಳವಿಲ್ಲದ ಮಣ್ಣಿನ ತಟ್ಟೆ, ಮಧ್ಯೆ ಒಂದು ಕಲ್ಲು. ಲಾಲ್‌ಬಾಗಿನಿಂದ ಏನೂ ಹೆಕ್ಕಿ ತರಬೇಡಿ, ಅದು ಅಲ್ಲಿಯ ಅಳಿಲುಗಳ ಪಾಲು.

ಗೂಡು ಬಿದ್ದರೆ ಹೇಳಿ · 9:20

ಮರಿ ಅಳಿಲುಗಳ ಆರೈಕೆಗೆ ಸಹಾಯ ಮಾಡುತ್ತಿರುತ್ತೇನೆ, ಅದಕ್ಕೆ ಎರಡು ಮಾತು.

ಕಡಲೆಕಾಯಿ ಹಾಕುವುದೇ ಆದರೆ ಸಿಪ್ಪೆ ಸಮೇತ, ಉಪ್ಪಿಲ್ಲದ್ದು, ತಾಜಾ. ಮುಗ್ಗಲು ವಾಸನೆ ಬಂದ ಕಡಲೆಕಾಯಿಯಲ್ಲಿ ಬೂಷ್ಟಿನ ವಿಷ ಇರುತ್ತದೆ, ಲಿವರ್ ಹಾಳಾಗುತ್ತದೆ. ಬಸವನಗುಡಿ ಪರಿಷೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಐದು ಸೇರು ತಂದು ಮೂಟೆಯಲ್ಲಿ ಮಳೆಗಾಲದವರೆಗೆ ಇಟ್ಟುಕೊಳ್ಳುವವರಿದ್ದಾರೆ, ದಯವಿಟ್ಟು ಬೇಡ. ಮಸಾಲೆ ಕಡಲೆಬೀಜ, ಬಿಸ್ಕತ್ತು, ಚಿಪ್ಸ್ ಬೇಡವೇ ಬೇಡ. ತೆಂಗಿನಕಾಯಿ ಚೂರು ತಿನ್ನುತ್ತವೆ, ಚಿಕ್ಕದು ಸಾಕು.

ಹೊಂಗೆ ಬೀಜ ಹೆಕ್ಕಿ ತರಬೇಡಿ, ಕಹಿ. ಹೊಂಗೆ ಹಿಂಡಿ ಹೊಲಕ್ಕೆ ಹೋಗುತ್ತದೆ ಹೊರತು ದನದ ಬಾನಿಗೆ ಹೋಗಲ್ಲ. ಹರಳು ಬೀಜ, ಕಾಡು ಹರಳು, ಗುಲಗಂಜಿ, ಉಮ್ಮತ್ತಿ ಇವೆಲ್ಲ ಕಣಗಿಲೆಯ ಪಂಕ್ತಿಯವೇ.

ಮರಿ ಗೂಡಿನಿಂದ ಬಿದ್ದರೆ ಹಸುವಿನ ಹಾಲು ಕುಡಿಸಬೇಡಿ. ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಅಲ್ಲೇ ಹತ್ತಿರ ಇಡಿ, ಬೆಕ್ಕು ಬರದ ಹಾಗೆ ನೋಡಿಕೊಳ್ಳಿ. ಬಹಳ ಸಲ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ.

ನೆಲಮಾಳಿಗೆ · 10:05

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೇ ವಿಷಯಕ್ಕೆ ದೊಡ್ಡ ರಾದ್ಧಾಂತ ಆಗಿ, ನನಗೆ ನೋಟಿಸ್ ಬಂತು. 'ಕಾಡುಪ್ರಾಣಿ ಆಕರ್ಷಣೆ' ಅಂತ ಬರೆದಿದ್ದರು, ಹುಲಿ ಕರೆಸಿದ ಹಾಗೆ! ಆದರೆ ತಪ್ಪು ನನ್ನದೂ ಇತ್ತು. ರಾತ್ರಿಯಿಡೀ ಬೀಜ ಬಿಟ್ಟಿರುತ್ತಿದ್ದೆ, ಹೆಗ್ಗಣ ಬಂದವು. ಅಳಿಲು ಹಗಲಿನ ಪ್ರಾಣಿ. ಸಂಜೆ ಆರಕ್ಕೆ ಅದು ಗೂಡಿಗೆ ಹೋದ ಮೇಲೆ ಉಳಿದದ್ದನ್ನು ಗುಡಿಸಿ ತೆಗೆಯಿರಿ. ಅದೊಂದು ಮಾಡಿದ ಮೇಲೆ ನೋಟಿಸ್ ಕೊಟ್ಟವರೇ ಮೊಮ್ಮಗನನ್ನು ಕರೆದುಕೊಂಡು ಅಳಿಲು ತೋರಿಸೋಕೆ ಬರುತ್ತಾರೆ.

ಮೂರನೇ ಮಹಡಿ · ಮುಂದಿನ ಭಾನುವಾರ, ಬೆಳಿಗ್ಗೆ 8:50

ಎಲ್ಲರಿಗೂ ವರದಿ ಒಪ್ಪಿಸಬೇಕು.

ಕಣಗಿಲೆ ಅವತ್ತೇ ಹೋಯಿತು. ಬಟ್ಟೆ ಚೀಲವನ್ನೂ ಬಿಸಿನೀರಿನಲ್ಲಿ ಒಗೆದೆ. ಎರಡೂ ಅಳಿಲು ಚೆನ್ನಾಗಿವೆ, ದಿನಾ ತಲೆ ಎಣಿಸುತ್ತಿದ್ದೇನೆ.

ಬಾದಾಮಿ ತೊಳೆದು ಒಣಗಿಸಿ ಬುಧವಾರ ಎರಡು ಇಡೀ ಕಾಯಿ, ಒಂದು ಕುಟ್ಟಿದ್ದು ಇಟ್ಟೆ. ಕುಟ್ಟಿದ್ದರ ತಿರುಳು ಎರಡು ನಿಮಿಷದಲ್ಲಿ ಖಾಲಿ. ಮುಂಗಾಲಲ್ಲಿ ಹಿಡಿದು ಸುರುಳಿಯನ್ನು ಒಂದು ತುದಿಯಿಂದ ಬಿಚ್ಚುತ್ತಾ ತಿನ್ನುತ್ತಿತ್ತು, ಮಸಾಲೆ ದೋಸೆ ತಿಂದ ಹಾಗೆ. ಇಡೀ ಕಾಯಿಯನ್ನು ಮೊದಲ ದಿನ ಉರುಳಿಸಿ ನೋಡಿ ಬಿಟ್ಟವು. ಗುರುವಾರ ದಪ್ಪದ್ದು ಬಂತು, ಕಾಯಿಯ ಒಂದು ಅಂಚು ಹಿಡಿದು ಕರಕರ ಅಂತ ಶುರು ಮಾಡಿತು. ಅಬ್ಬಾ, ಒಡೆಯುತ್ತೆ ಅಂತ ಕಾಫಿ ಹಿಡಿದುಕೊಂಡು ಕಿಟಕಿ ಹಿಂದೆ ನಿಂತೆ. ಕಾಲು ಗಂಟೆ ಹೊರಗಿನ ನಾರನ್ನೆಲ್ಲ ಎಳೆ ಎಳೆಯಾಗಿ ಕಿತ್ತು, ಬಾಯಿ ತುಂಬ ಉಂಡೆ ಮಾಡಿಕೊಂಡು, ಕಾಯಿಯನ್ನು ಅಲ್ಲೇ ಬಿಟ್ಟು ಹೊಂಗೆ ಮರ ಹತ್ತಿತು. ಗೂಡಿಗೆ ಹಾಸಿಗೆ! ನಿನ್ನೆ ಎರಡನೇ ಕಾಯಿಯೂ ಹೀಗೇ ಬೋಳಾಯಿತು. ಬಾಗಿಲಲ್ಲಿದ್ದ ತೆಂಗಿನ ನಾರಿನ ಕಾಲೊರೆಸು ಯಾಕೆ ಸಣ್ಣಗಾಗುತ್ತಿದೆ ಅಂತ ಈಗ ಗೊತ್ತಾಯಿತು.

ಗೂಡು ಬಿದ್ದರೆ ಹೇಳಿ · 9:02

ಮರಿ ಹಾಕುವ ತಯಾರಿ ಇರಬೇಕು. ಆ ಹೊಂಗೆ ಕೊಂಬೆ ಕಡಿಸಲು ಯಾರಾದರೂ ಬಂದರೆ ಒಂದೆರಡು ತಿಂಗಳು ತಡೆಯಿರಿ.

ಗೌರಿಯಮ್ಮನ ತಾರಸಿ · 9:15

ಬೋಳು ಕಾಯಿ ಬಿಸಾಕಬೇಡಿ. ನಾರು ಹೋದ ಮೇಲೆ ಕುಟ್ಟೋದು ಸುಲಭ. ತಿರುಳು ನೀವು ತಿನ್ನಿ.

ಮೂರನೇ ಮಹಡಿ · 9:30

ತಿಂದೆ ಅಮ್ಮಾ, ಚೆನ್ನಾಗಿತ್ತು. ಇವತ್ತು ವಾಕಿಂಗ್‌ನಲ್ಲಿ ಇನ್ನೊಂದು ಕಾಯಿ ಸಿಕ್ಕಿದೆ. ದುಂಡಗೆ, ಗೋಲಿಯಷ್ಟು, ಕಂದು ಬಣ್ಣ. ಇನ್ನೂ ಯಾರಿಗೂ ಹಾಕಿಲ್ಲ! ಇದು ಯಾವುದು?

ಎಲೆ ತೋರಿಸಿ · 9:31

ಎಲೆ?